ಸಾಕಿದ ಕುರಿ ಗಬ್ಬ ನಿಲ್ಲುತ್ತಿಲ್ಲವೇ? ಗೊಡ್ಡು ಅನ್ನುವ ಮೊದಲು ಇಷ್ಟು ನೋಡಿ

ಮನೆಯಲ್ಲಿ ಒಂದೋ ಎರಡೋ ಕುರಿ ಸಾಕಿದವರು ಮೊದಲ ಸಲ ಮರಿ ಮಾಡಿಸಲು ಹೊರಟಾಗ ಹೇಳುವ ದೂರು ಒಂದೇ: "ಟಗರಿನ ಹತ್ತಿರ ಬಿಟ್ಟಿದ್ದೆವು, ಏನೂ ಆಗಲಿಲ್ಲ." ಈ "ಏನೂ ಆಗಲಿಲ್ಲ" ಅನ್ನೋದರೊಳಗೆ ನಾಲ್ಕೈದು ಬೇರೆ ಬೇರೆ ತೊಂದರೆಗಳಿರುತ್ತವೆ. ಕುರಿ ಬೆದೆಗೇ ಬಂದಿರಲಿಕ್ಕಿಲ್ಲ. ಬಂದಿದ್ದರೂ ಟಗರು ಹಾರಿರಲಿಕ್ಕಿಲ್ಲ. ಹಾರಿದ್ದರೂ ಗಬ್ಬ ನಿಂತಿರಲಿಕ್ಕಿಲ್ಲ. ನಿಂತದ್ದು ನಡುವೆ ಹೋಗಿರಲೂಬಹುದು. ಎಲ್ಲಿ ಕೈಕೊಟ್ಟಿದೆ ಅಂತ ಗೊತ್ತಿಲ್ಲದೆ ಟಾನಿಕ್, ಇಂಜೆಕ್ಷನ್ ಅಂತ ಓಡಾಡಿದರೆ ದುಡ್ಡು ಖಾಲಿ, ಕುರಿ ಇದ್ದ ಹಾಗೇ ಇರುತ್ತದೆ.

ಕಲಬುರಗಿ, ಯಾದಗಿರಿ ಕಡೆ ಅಂಗಳದಲ್ಲಿ ಸಾಕಿದ ಎಷ್ಟೋ ಕುರಿಗಳು ಗೊಡ್ಡು ಅನ್ನಿಸಿಕೊಂಡು ಸಂತೆಗೆ ಹೋಗುತ್ತವೆ. ನಿಜಕ್ಕೂ ಗೊಡ್ಡಾಗಿರುವ ಕುರಿ ಅಪರೂಪ. ದೋಷ ಇರುವುದು ಸಾಮಾನ್ಯವಾಗಿ ಎರಡು ಕಡೆ: ಮುದ್ದಿನಿಂದ ಸಾಕಿದ ರೀತಿಯಲ್ಲಿ, ಮತ್ತೆ ತಾರೀಕು ಬರೆದಿಡದೇ ಇದ್ದದ್ದರಲ್ಲಿ.

ತಾರೀಕಿನಿಂದಲೇ ಶುರು ಮಾಡೋಣ. ಎರಡೇ ಅಂಕಿ ನೆನಪಿಟ್ಟುಕೊಳ್ಳಿ. ಗಬ್ಬ ನಿಲ್ಲದ ಕುರಿ ಸುಮಾರು 17 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಒಂದೆರಡು ದಿನ ಹಿಂದೆ ಮುಂದೆ ಆಗಬಹುದು. ಬೆದೆ ಇರುವುದು 24ರಿಂದ 36 ಗಂಟೆ ಮಾತ್ರ. ಗಬ್ಬ ನಿಂತರೆ ಸುಮಾರು 147 ದಿನಕ್ಕೆ ಈಯುತ್ತದೆ. ಕ್ಯಾಲೆಂಡರ್ ನೋಡಿ ದಿನ ಎಣಿಸಲು ಬೇಜಾರಾದರೆ ಹುಣ್ಣಿಮೆ ಎಣಿಸಿ. ಐದು ಹುಣ್ಣಿಮೆಗೆ ಹೆಚ್ಚು ಕಡಿಮೆ 147 ದಿನವೇ ಆಗುತ್ತದೆ. ಕಾರಹುಣ್ಣಿಮೆಗೆ ಟಗರು ಹಾರಿದ್ದರೆ ಗೌರಿ ಹುಣ್ಣಿಮೆಯ ಆಸುಪಾಸು ಮರಿ ಬರಬೇಕು. ನಡುವೆ ಅಧಿಕ ಮಾಸ ಬಂದ ವರ್ಷ ಮಾತ್ರ ಹಬ್ಬದ ಹೆಸರು ನಂಬಬೇಡಿ, ಹುಣ್ಣಿಮೆಗಳನ್ನೇ ಎಣಿಸಿ.

"ಬೆದೆಗೇ ಬರುತ್ತಿಲ್ಲ"

ಮೊದಲು ಬಾಯಿ ತೆರೆದು ಹಲ್ಲು ನೋಡಿ. ಕೆಳಗಿನ ಎಂಟೂ ಹಾಲುಹಲ್ಲೇ ಇದ್ದರೆ ಅದು ಇನ್ನೂ ಮರಿ. ನಡುವಿನ ಎರಡು ದೊಡ್ಡ ಹಲ್ಲು ಬಂದಿದ್ದರೆ ವರ್ಷದಿಂದ ಒಂದೂವರೆ ವರ್ಷದ್ದು ಅಂತ ಲೆಕ್ಕ. ಸಂತೆಯಲ್ಲಿ "ಎರಡು ಹಲ್ಲಿನದು" ಅಂತ ಕೇಳುವುದು ಇದನ್ನೇ. ನಮ್ಮ ದಖ್ಖನಿ ಕುರಿಗೆ ಮೊದಲ ಗಬ್ಬಕ್ಕೆ ಅದು ಸರಿಯಾದ ವಯಸ್ಸು. ವಯಸ್ಸಿನ ಜೊತೆ ತೂಕವೂ ಮುಖ್ಯ. ದೊಡ್ಡದಾದಾಗ 30 ಕೆಜಿ ತೂಗುವ ತಳಿಯಾದರೆ, ಮೊದಲ ಸಲ ಟಗರಿಗೆ ಬಿಡುವಾಗ 20 ಕೆಜಿಯಾದರೂ ಇರಬೇಕು. ಏಳೆಂಟು ತಿಂಗಳಿಗೇ ಬೆದೆಗೆ ಬರುವ ಮರಿಗಳೂ ಇವೆ. ಬಂತು ಅಂತ ಬಿಟ್ಟರೆ ಈಯುವಾಗ ಪಾಡು ಪಡುವುದು ಅದೇ.

ವಯಸ್ಸು, ತೂಕ ಎರಡೂ ಸರಿ ಇದ್ದರೆ ಮುಂದಿನ ಪ್ರಶ್ನೆ: ಬೆದೆಗೆ ಬರುತ್ತಿಲ್ಲವೋ, ಅಥವಾ ನಿಮಗೆ ಕಾಣುತ್ತಿಲ್ಲವೋ? ಎಮ್ಮೆ ಕೂಗುತ್ತದೆ, ಆಕಳು ಇನ್ನೊಂದರ ಮೇಲೆ ಹತ್ತುತ್ತದೆ, ಮೇಕೆ ಇಡೀ ಓಣಿಗೆ ಸುದ್ದಿ ಮುಟ್ಟಿಸುತ್ತದೆ. ಕುರಿ ಹಾಗಲ್ಲ. ಒಂಟಿಯಾಗಿ ಕಟ್ಟಿದ ಕುರಿ ಬೆದೆಗೆ ಬಂದು ಹೋದದ್ದು ಪಕ್ಕದಲ್ಲೇ ಕೂತವರಿಗೂ ಗೊತ್ತಾಗುವುದಿಲ್ಲ. ಟಗರು ಎದುರಿಗಿದ್ದರೆ ಮಾತ್ರ ಗೊತ್ತಾಗುತ್ತದೆ. ತಾನೇ ಅದರ ಹತ್ತಿರ ಹೋಗಿ ನಿಲ್ಲುತ್ತದೆ, ಬಾಲ ಪಟಪಟ ಆಡಿಸುತ್ತದೆ, ತಿರುಗಿ ನೋಡುತ್ತದೆ, ಟಗರು ಮೂಸಿದರೆ ಓಡುವುದಿಲ್ಲ. ಯೋನಿ ಸ್ವಲ್ಪ ಊದಿ ಕೆಂಪಾಗಿರಬಹುದು, ಆದರೆ ಉಣ್ಣೆಯ ನಡುವೆ ಅದನ್ನು ಗುರುತಿಸೋದು ಕಷ್ಟ.

ಹಾಗಾಗಿ "ಬೆದೆಗೆ ಬಂದಾಗ ಟಗರಿನ ಹತ್ತಿರ ಒಯ್ಯುತ್ತೇವೆ" ಅನ್ನುವ ಯೋಜನೆಯೇ ಸರಿಯಲ್ಲ. ಒಂದು ಮಧ್ಯಾಹ್ನ ಹೊಡೆದುಕೊಂಡು ಹೋಗಿ ಸಂಜೆ ವಾಪಸ್ ತಂದರೆ ಅದು ಲಾಟರಿ. ಟಗರು, ಕುರಿ ಎರಡನ್ನೂ ಕನಿಷ್ಠ 35 ದಿನ ಒಟ್ಟಿಗೆ ಬಿಡಿ. ಅಷ್ಟರಲ್ಲಿ ಎರಡು ಬೆದೆ ಬಂದು ಹೋಗುತ್ತವೆ. ಇದರಲ್ಲಿ ಇನ್ನೊಂದು ಲಾಭವಿದೆ. ತಿಂಗಳುಗಟ್ಟಲೆ ಗಂಡಿನ ವಾಸನೆಯೇ ಇಲ್ಲದ ಕುರಿಯ ಹತ್ತಿರ ಹೊಸ ಟಗರು ಬಂದರೆ, ಸುಮ್ಮನೆ ಕೂತಿದ್ದ ಕುರಿಗೂ ಬೆದೆ ಶುರುವಾಗುತ್ತದೆ. ಮೊದಲನೆಯದು ಹೊರಗೆ ಕಾಣದೆ ಹೋಗಬಹುದು. ಹೆಚ್ಚಿನವು ಟಗರು ಬಂದ 18ರಿಂದ 25 ದಿನದೊಳಗೆ ನಿಜವಾದ ಬೆದೆ ತೋರಿಸುತ್ತವೆ. ವಾರ ಕಾದು "ಆಗಲ್ಲ ಬಿಡು" ಅಂತ ಟಗರು ವಾಪಸ್ ಕಳಿಸಿದವರು ಸರಿಯಾದ ಹೊತ್ತಿಗೆ ಕಳಿಸಿದಂತಾಯಿತು, ಅಲ್ವಾ?

ಇನ್ನು ಮೈ. ಸಾಕಿದ ಕುರಿಯ ದೊಡ್ಡ ರೋಗ ಇದೇ. ಬೆಳಗ್ಗೆ ಮನೆಯವರು ಒಂದು ರೊಟ್ಟಿ, ಮಧ್ಯಾಹ್ನ ಮಕ್ಕಳು ಬಿಸ್ಕತ್ತು, ಸಂಜೆ ಪಕ್ಕದ ಮನೆಯವರು ಉಳಿದ ಅನ್ನ. ಯಾರೂ ಲೆಕ್ಕ ಇಟ್ಟಿರುವುದಿಲ್ಲ. ಉಣ್ಣೆ ದಟ್ಟ ಇರುವುದರಿಂದ ಕಣ್ಣಿಗೆ ದಪ್ಪ, ಸಣ್ಣ ತಿಳಿಯುವುದೂ ಇಲ್ಲ. ಕೈಯಿಂದಲೇ ನೋಡಬೇಕು. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ, ಉಣ್ಣೆಯೊಳಗೆ ಬೆರಳು ತೂರಿಸಿ ಬೆನ್ನುಮೂಳೆ ಒತ್ತಿ. ಈಗ ನಿಮ್ಮದೇ ಕೈ ಮುಷ್ಟಿ ಮಾಡಿ ಬೆರಳ ಗೆಣ್ಣುಗಳನ್ನು ಮುಟ್ಟಿ. ಕುರಿಯ ಬೆನ್ನು ಹಾಗೆ ಏರುಪೇರಾಗಿ ಚುಚ್ಚಿದರೆ ಬಡಕಲು. ಮುಷ್ಟಿ ಬಿಡಿಸಿ ಅಂಗೈ ಹಿಂಭಾಗ ಮುಟ್ಟಿ. ಮೂಳೆ ಇದೆ ಅಂತ ಗೊತ್ತಾಗುತ್ತದೆ, ಚುಚ್ಚುವುದಿಲ್ಲ. ಬೇಕಾದದ್ದು ಆ ಮೈ. ಹೆಬ್ಬೆರಳ ಬುಡದ ಮಾಂಸದ ಉಬ್ಬಿನ ಹಾಗೆ ಮೆತ್ತಗಿದ್ದು, ಎಷ್ಟು ಒತ್ತಿದರೂ ಮೂಳೆ ಸಿಗದಿದ್ದರೆ ಕೊಬ್ಬು ಮಿತಿಮೀರಿದೆ.

ಬಡಕಲಾಗಿದ್ದರೆ ಟಗರು ಬಿಡುವ ಎರಡು ಮೂರು ವಾರ ಮೊದಲಿಂದ ದಿನಕ್ಕೆ 200ರಿಂದ 250 ಗ್ರಾಂ ಜೋಳದ ನುಚ್ಚೋ ಗೋವಿನಜೋಳವೋ ಕೊಡಿ. ಮೊದಲ ದಿನವೇ ಅಷ್ಟು ಸುರಿಯಬೇಡಿ. ಒಂದು ಹಿಡಿಯಿಂದ ಶುರು ಮಾಡಿ ಏರಿಸಿ, ಇಲ್ಲದಿದ್ದರೆ ಹೊಟ್ಟೆ ಹುಳಿಯಾಗಿ ಕುರಿ ಮಲಗಿಬಿಡುತ್ತದೆ. ರೊಟ್ಟಿ, ಅನ್ನ ಒಮ್ಮೆಲೇ ಜಾಸ್ತಿ ತಿಂದಾಗಲೂ ಆಗುವುದು ಇದೇ. ಕೊಬ್ಬಿದ ಕುರಿಗೆ ಕಾಳಿನಿಂದ ಲಾಭವಿಲ್ಲ. ಅದಕ್ಕೆ ರೊಟ್ಟಿ ಬಂದ್, ಮೇವು ಜೋಳದ ಕಣಿಕೆ ಮತ್ತು ಹಸಿರು, ದಿನಾ ಒಂದಷ್ಟು ದೂರ ಮೇಯಲು ನಡೆಸುವುದು. ಒಂದೆರಡು ತಿಂಗಳು ಹಿಡಿಯುತ್ತದೆ. ಟಗರು ಬಿಡುವ ಮೊದಲೇ ಇದು ಮುಗಿಯಬೇಕು. ಗಬ್ಬವಾದ ಮೇಲೆ ಉಪವಾಸ ಹಾಕಿ ಇಳಿಸಲು ಹೋದರೆ ಅಪಾಯ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಮೇವಿನ ವಿಷಯದಲ್ಲಿ ನಮ್ಮ ಭಾಗದವರು ಪುಣ್ಯವಂತರು. ತೊಗರಿ ರಾಶಿ ಆದಮೇಲೆ ಸಿಗುವ ತೊಗರಿ ಹೊಟ್ಟು, ಶೇಂಗಾ ಹೊಟ್ಟು ಎರಡೂ ಒಣ ಕಣಿಕೆಗಿಂತ ಎಷ್ಟೋ ಮೇಲು. ಆದರೆ ಬೇಸಿಗೆಯಿಡೀ ಒಣ ಮೇವೇ ತಿಂದ ಕುರಿಗೆ ಎ ವಿಟಮಿನ್ ಕೊರತೆ ಆಗಿ, ಗಬ್ಬ ನಿಲ್ಲುವುದಕ್ಕೂ ಮರಿಯ ಬಲಕ್ಕೂ ಪೆಟ್ಟು. ದಿನಾ ಒಂದು ಹಿಡಿ ಹಸಿರು ಸೊಪ್ಪು ಸಾಕು. ಖನಿಜ ಮಿಶ್ರಣ ಕೊಡುವವರು ಕುರಿಯದ್ದನ್ನೇ ಕೇಳಿ ತನ್ನಿ. ದನದ ಮಿಶ್ರಣದಲ್ಲಿರುವಷ್ಟು ತಾಮ್ರ ಕುರಿಯ ಲಿವರ್‌ನಲ್ಲಿ ಕೂಡುತ್ತಾ ಹೋಗಿ ಒಂದು ದಿನ ವಿಷವಾಗುತ್ತದೆ.

"ಟಗರು ಇದೆ, ಹಾರುತ್ತಿಲ್ಲ"

ಇಲ್ಲಿ ಬಾಟಲಿ ಹಾಲು ಕುಡಿದು ಬೆಳೆದ ಟಗರಿನ ಮೇಲೆ ಮೊದಲ ಅನುಮಾನ ಪಡಿ. ಮನುಷ್ಯರ ನಡುವೆಯೇ ಬೆಳೆದದ್ದು ಕುರಿಯನ್ನು ತನ್ನ ಜಾತಿ ಅಂತ ಗುರುತಿಸಲು ತಡ ಮಾಡುತ್ತದೆ. ಜೊತೆಗೆ ಮನುಷ್ಯರ ಭಯ ಇರುವುದಿಲ್ಲ, ಹಾಗಾಗಿ ಬೆದೆ ಹೊತ್ತಿನಲ್ಲಿ ಡಿಕ್ಕಿ ಹೊಡೆಯುವುದು ನಿಮಗೇ. ಮಕ್ಕಳನ್ನು ಒಳಗೆ ಬಿಡಬೇಡಿ. ಹಿಂಡಿನಲ್ಲಿ ಬೆಳೆದ, ಒಮ್ಮೆಯಾದರೂ ಮರಿ ಕೊಟ್ಟ ಟಗರನ್ನು ಕುರಿಗಾರರಿಂದ ತರುವುದೇ ಮೇಲು.

ಕೆಲವು ಸಲ ಟಗರಿನದ್ದೂ ತಪ್ಪಲ್ಲ. ಕುರಿಯ ಹಿಂಭಾಗದಲ್ಲಿ ಹಿಕ್ಕೆ ಮೆತ್ತಿದ ಉಣ್ಣೆ ಗಂಟುಗಟ್ಟಿ ಅಡ್ಡ ನಿಂತಿರುತ್ತದೆ. ಕತ್ತರಿಯಿಂದ ಬಾಲದ ಸುತ್ತ ಬಿಡಿಸಿ.

ಇನ್ನೊಂದು: ಹಾರಿದ್ದು ರಾತ್ರಿಯಾದರೆ ನೀವು ನೋಡಿರುವುದಿಲ್ಲ. ಅದಕ್ಕೆ ಟಗರಿನ ಎದೆಗೆ ಬಣ್ಣ ಹಚ್ಚಬೇಕು. ಹಾರಿದಾಗ ಕುರಿಯ ಸೊಂಟಕ್ಕೆ ಗುರುತು ಬೀಳುತ್ತದೆ. ಕೆಮ್ಮಣ್ಣು ಶೇಂಗಾ ಎಣ್ಣೆಯಲ್ಲಿ ಕಲಸಿ ಹಚ್ಚಿ ಅಂತ ಹೇಳುತ್ತಾರೆ. ಕರೀ ದಖ್ಖನಿ ಕುರಿಯ ಮೇಲೆ, ಕೆಂಪು ಕೆಂಗುರಿಯ ಮೇಲೆ ಅದು ಕಾಣುವುದೇ ಇಲ್ಲ. ಸೀಮೆಸುಣ್ಣದ ಪುಡಿ ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿ, ಎರಡು ಮೂರು ದಿನಕ್ಕೊಮ್ಮೆ ಹಚ್ಚಿ. ಹಸಿ ಸುಣ್ಣ ಬೇಡ, ಚರ್ಮ ಸುಡುತ್ತದೆ. 16 ದಿನ ಆದ ಮೇಲೆ ಅರಿಶಿನ ಬೆರೆಸಿ ಬಣ್ಣ ಬದಲಿಸಿ. ಬಿಳಿ ಗುರುತಿನ ಮೇಲೆ ಹಳದಿ ಬಿದ್ದರೆ ಮೊದಲನೆಯದು ನಿಂತಿಲ್ಲ ಅಂತ ತಿಳಿಯುತ್ತದೆ.

"ಹಾರಿತು, ಮತ್ತೆ ಬೆದೆಗೆ ಬಂತು"

ಎಷ್ಟು ದಿನಕ್ಕೆ ಬಂತು? ಉತ್ತರ ಇರುವುದು ಅಲ್ಲೇ.

ಸರಿಯಾಗಿ 16, 17, 18ನೇ ದಿನಕ್ಕೆ ಬಂದರೆ ಮೊಟ್ಟೆಯೇ ಫಲಿಸಿಲ್ಲ, ಅಥವಾ ಫಲಿಸಿದ್ದು ಮೊದಲ ಹತ್ತು ಹನ್ನೆರಡು ದಿನದಲ್ಲೇ ಕರಗಿದೆ. ಒಂದು ಸಲ ಹೀಗಾದರೆ ಚಿಂತೆ ಬೇಡ. ಎರಡು, ಮೂರು ಸಲ ಆದರೆ ಟಗರನ್ನು ಪರೀಕ್ಷಿಸಿ. 34 ದಿನಕ್ಕೆ ಬಂದರೆ ನಡುವಿನ ಒಂದು ಬೆದೆ ನಿಮ್ಮ ಕಣ್ಣು ತಪ್ಪಿಸಿದೆ ಅಂತ ಹಿಡಿಯಬಹುದು. 25, 28, 30 ಹೀಗೆ ಲೆಕ್ಕಕ್ಕೆ ಸಿಗದ ದಿನ ಬಂದರೆ, ನಿಂತ ಗಬ್ಬ ಆಮೇಲೆ ಹೋಗಿರುವ ಸಾಧ್ಯತೆ ಜಾಸ್ತಿ. ಆಗ ಟಗರಿಗಿಂತ ಕುರಿಯ ಕಡೆ, ಸೋಂಕು ಮತ್ತು ಒತ್ತಡದ ಕಡೆ ನೋಡಬೇಕು.

ಟಗರಿನ ಮಾತು ಬಂದರೆ ನಮ್ಮ ಜಿಲ್ಲೆಗಳಲ್ಲಿ ದೊಡ್ಡ ಆರೋಪಿ ಬಿಸಿಲು. ಬೀದರ್ ಎತ್ತರದಲ್ಲಿದೆ, ಸ್ವಲ್ಪ ತಂಪು. ಕಲಬುರಗಿ, ಯಾದಗಿರಿಯಲ್ಲಿ ಏಪ್ರಿಲ್, ಮೇನಲ್ಲಿ ಉಷ್ಣತೆ 42 ಡಿಗ್ರಿ ದಾಟುವುದು ಮಾಮೂಲು. ಬೀಜ ಮೈಗಿಂತ ತಣ್ಣಗಿದ್ದರೆ ಮಾತ್ರ ವೀರ್ಯ ಸರಿಯಾಗಿ ತಯಾರಾಗುತ್ತದೆ. ಒಮ್ಮೆ ಕೆಟ್ಟರೆ ಹೊಸದು ತಯಾರಾಗಿ ಹೊರಬರಲು ಸುಮಾರು ಎರಡು ತಿಂಗಳು ಬೇಕು. ಅಂದರೆ ಮೇ ತಿಂಗಳಲ್ಲಿ ತಗಡಿನ ಶೆಡ್ಡಿನಲ್ಲಿ ಬೆಂದ ಟಗರು ಜುಲೈನಲ್ಲೂ ಹಾರುತ್ತದೆ, ಉತ್ಸಾಹಕ್ಕೆ ಕಡಿಮೆ ಇರುವುದಿಲ್ಲ, ಗಬ್ಬ ಮಾತ್ರ ನಿಲ್ಲುವುದಿಲ್ಲ. ಮಳೆಗಾಲಕ್ಕೆ ಟಗರು ಬಿಡುವವರು ಬೇಸಿಗೆಯಲ್ಲೇ ಅದಕ್ಕೆ ಬೇವಿನ ನೆರಳು, ತಣ್ಣೀರು ಒದಗಿಸಬೇಕು, ಬೀಜದ ಚೀಲದ ಮೇಲಿನ ಉಣ್ಣೆ ಕತ್ತರಿಸಿರಬೇಕು. ಮೇಯಲು ಬಿಡುವುದು ಬೆಳಗ್ಗೆ ಮತ್ತು ಇಳಿಹೊತ್ತು.

ಕೈಯಿಂದ ಮುಟ್ಟಿ ನೋಡಿ. ಬೀಜ ಎರಡೂ ಕೆಳಗಿಳಿದಿರಬೇಕು, ಹೆಚ್ಚು ಕಡಿಮೆ ಒಂದೇ ಗಾತ್ರ, ಗಟ್ಟಿಯಾಗಿ ಪುಟಿಯುವಂತಿರಬೇಕು. ಒಂದು ಮೆತ್ತಗೆ, ಒಂದು ದೊಡ್ಡದು, ಬುಡದಲ್ಲಿ ಗಂಟು ಇದ್ದರೆ ಆ ಟಗರು ಬೇಡ. ಹತ್ತಿ ಬೆಳೆಯುವ ಯಾದಗಿರಿ ಕಡೆಯವರಿಗೆ ಇನ್ನೊಂದು ಮಾತು. ಹತ್ತಿಕಾಳು, ಹತ್ತಿಕಾಳಿನ ಹಿಂಡಿಯಲ್ಲಿರುವ ಗಾಸಿಪಾಲ್ ಜಾಸ್ತಿಯಾದರೆ ಗಂಡಿನ ವೀರ್ಯ ಕೆಡುತ್ತದೆ. ಟಗರಿಗೆ ಶೇಂಗಾ ಹಿಂಡಿ ಹಾಕಿ.

ಕುರಿಯ ಕಡೆಯಿಂದ ಕಾರಣ ಅಂದರೆ, ಹಾರಿದ ಮೊದಲ ತಿಂಗಳ ಗಡಿಬಿಡಿ. ಟಂಟಂನಲ್ಲಿ ತುಂಬಿ ದೂರ ಒಯ್ಯುವುದು, ಉಣ್ಣೆ ಕತ್ತರಿಸುವುದು, ನಾಯಿ ಅಟ್ಟಿಸುವುದು, ನಡು ಬಿಸಿಲು. ಜಂತಿನ ಔಷಧಿಯಲ್ಲಿ ಅಲ್ಬೆಂಡಜೋಲ್ ಮೊದಲ ತಿಂಗಳಲ್ಲಿ ಬೇಡವೇ ಬೇಡ. ಅದು ಭ್ರೂಣಕ್ಕೆ ಕೆಡುಕು. ಜಂತಿನ ಔಷಧಿ ಟಗರು ಬಿಡುವ ಮೊದಲೇ ಹಾಕಿ ಮುಗಿಸಿ.

"ಬೆದೆಗೂ ಬಂದಿಲ್ಲ, ಹೊಟ್ಟೆಯೂ ಕಾಣುತ್ತಿಲ್ಲ"

ಕಾಯಿರಿ. ಮೊದಲ ಮೂರು ತಿಂಗಳು ಹೊಟ್ಟೆ ನೋಡಿ ಹೇಳುವವರ ಮಾತು ನಂಬಬೇಡಿ. ಮೇದು ಬಂದ ಕುರಿಯ ಹೊಟ್ಟೆ ಯಾವಾಗಲೂ ಗಬ್ಬದ ಹಾಗೇ ಕಾಣುತ್ತದೆ. ಖಚಿತ ಬೇಕಾದರೆ ಹಾರಿದ 45 ದಿನದ ನಂತರ ಸ್ಕ್ಯಾನಿಂಗ್ ಮಾಡಿಸಿ. ಒಂದೋ ಎರಡೋ ಅನ್ನುವುದೂ ತಿಳಿಯುತ್ತದೆ. ಬೀದರಿನ ಪಶುವೈದ್ಯಕೀಯ ಕಾಲೇಜು ಹತ್ತಿರ ಇರುವವರು ಅಲ್ಲಿ ವಿಚಾರಿಸಿ. ದಖ್ಖನಿಗೆ ಸಾಮಾನ್ಯವಾಗಿ ಒಂದೇ ಮರಿ. ನಾರಿ ಸುವರ್ಣ ತಳಿಯದ್ದಾದರೆ ಅವಳಿ ನಿರೀಕ್ಷಿಸಿ. ಮೊದಲ ಗಬ್ಬದ ಕುರಿಗೆ ಕೆಚ್ಚಲು ಬಿಡುವುದು ಕೊನೆಯ ತಿಂಗಳು, ಒಂದೂವರೆ ತಿಂಗಳಲ್ಲಿ.

"ಕಂದು ಹಾಕಿತು"

ಮುಂದಿನ ಸಾಲು ಓದುವ ಮೊದಲು ಕೈಗೆ ಗ್ಲೌಸ್ ಹಾಕಿ. ಕಂದು ಹಾಕಲು, ಅಂದರೆ ನಡುವೆ ಗಬ್ಬ ಹೋಗಲು, ಹಾಯ್ದದ್ದು, ಬಿದ್ದದ್ದು ಕಾರಣ ಇರಬಹುದು. ಆದರೆ ಕೊನೆಯ ಎರಡು ತಿಂಗಳಲ್ಲಿ ಹೋದರೆ ಕಂದು ರೋಗ ಅಂತಲೇ ಹಿಡಿದು ನಡೆಯಿರಿ. ಅದರ ರೋಗಾಣು ಬ್ರುಸೆಲ್ಲಾ ಮನುಷ್ಯರಿಗೂ ಹತ್ತುತ್ತದೆ. ವಾರಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ, ಕೀಲು ನೋವು, ರಾತ್ರಿ ಬೆವರು. ಅಂಥ ಜ್ವರ ಬಂದವರು ಡಾಕ್ಟರಿಗೆ ಮನೆಯಲ್ಲಿ ಕುರಿ ಕಂದು ಹಾಕಿದೆ ಅಂತ ತಾವಾಗಿಯೇ ಹೇಳಬೇಕು, ಅವರು ಕೇಳಲಿಕ್ಕಿಲ್ಲ. ಬಸುರಿಯರು ಆ ಜಾಗಕ್ಕೆ ಕಾಲಿಡಬಾರದು. ಹಸಿ ಹಾಲು ಬೇಡ.

ಬಿದ್ದ ಮರಿ, ಸತ್ತೆ (ಮಾಸು) ಎರಡನ್ನೂ ನಾಯಿಗೆ ಎಸೆಯುವ ರೂಢಿ ಇದೆ. ರೋಗ ಓಣಿ ತುಂಬಾ ಹರಡುವುದು ಹಾಗೇ. ಮೊದಲು ಪಶು ಆಸ್ಪತ್ರೆಗೆ ಫೋನ್ ಮಾಡಿ, ಪರೀಕ್ಷೆಗೆ ಬೇಕೇ ಅಂತ ಕೇಳಿ. ಬೇಕಂದರೆ ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಐಸ್ ಮೇಲಿಡಿ. ಬೇಡ ಅಂದರೆ ಆಳವಾಗಿ ಹೂತು ಸುಣ್ಣ ಹಾಕಿ. ಕುರಿಯ ರಕ್ತ ಪರೀಕ್ಷೆ ಆಗುವವರೆಗೆ ಅದನ್ನು ಬೇರೆ ಕಟ್ಟಿ, ಬೇರೆಯವರ ಟಗರಿನ ಹತ್ತಿರ ಬಿಡಬೇಡಿ. ಟಗರು ತರುವಾಗಲೂ "ಹಿಂಡಿನಲ್ಲಿ ಈ ವರ್ಷ ಕಂದು ಹಾಕಿದ್ದುಂಟೇ?" ಅಂತ ಕೇಳುವುದು ಬೆಲೆ ಕೇಳುವುದಕ್ಕಿಂತ ಮುಖ್ಯ. ಮಳೆಗಾಲ ಮುಗಿಯುವ ಹೊತ್ತಿನಲ್ಲಿ ಮೂತಿ ಊದಿ, ಜ್ವರ ಬಂದು, ಕುಂಟುತ್ತಾ ಗಬ್ಬ ಹೋದರೆ ಅದು ನೀಲಿ ನಾಲಿಗೆ ರೋಗ ಇರಬಹುದು. ಗುಂಗುರು ಹುಳದಿಂದ ಬರುತ್ತದೆ.

"ಕೊನೆಯ ತಿಂಗಳಲ್ಲಿ ಮೇವು ಬಿಟ್ಟು ಮಂಕಾಗಿದೆ"

ಮರಿಯ ಬೆಳವಣಿಗೆಯಲ್ಲಿ ಹೆಚ್ಚಿನ ಪಾಲು ಕೊನೆಯ ಆರು ವಾರದಲ್ಲಿ ಆಗುತ್ತದೆ. ಹೊಟ್ಟೆಯಲ್ಲಿ ಮರಿ ಜಾಗ ಹಿಡಿದಿದೆ, ಮೇವಿಗೆ ಜಾಗ ಕಡಿಮೆ. ಆಗ ಕುರಿ ತನ್ನ ಕೊಬ್ಬು ಕರಗಿಸುತ್ತದೆ. ಕೊಬ್ಬಿದ ಕುರಿ, ಅವಳಿ ಹೊತ್ತ ಬಡಕಲು ಕುರಿ ಎರಡೂ ಇಲ್ಲಿ ಕುಸಿಯುತ್ತವೆ. ಗುಂಪಿನಿಂದ ದೂರ ನಿಲ್ಲುತ್ತದೆ, ಗೋಡೆಗೆ ತಲೆ ಒತ್ತುತ್ತದೆ, ಕಣ್ಣು ಕಾಣದಂತೆ ಮಾಡುತ್ತದೆ, ಉಸಿರಿಗೆ ಹಣ್ಣಿನಂಥ ಸಿಹಿ ವಾಸನೆ. ನಾಳೆ ನೋಡೋಣ ಅನ್ನುವ ಕೇಸ್ ಅಲ್ಲ ಇದು. ನುಂಗುವ ಸ್ಥಿತಿಯಲ್ಲಿದ್ದರೆ ಬೆಲ್ಲದ ನೀರು ನಿಧಾನಕ್ಕೆ ಕುಡಿಸಿ, 1962ಕ್ಕೆ ಕರೆ ಮಾಡಿ. ಪಶುಗಳ ಆಂಬುಲೆನ್ಸ್ ಸೇವೆಯ ನಂಬರ್ ಅದು. ತಡೆಯಲು ಇರುವ ದಾರಿ, ಕೊನೆಯ ಆರು ವಾರ ಸ್ವಲ್ಪ ಸ್ವಲ್ಪವಾಗಿ ಕಾಳು ಏರಿಸುವುದು, ದಿನಾ ನಡೆಸುವುದು. ಕರುಳು ಬೇನೆಯ ಲಸಿಕೆಯನ್ನೂ ಈಯುವ ಒಂದು ತಿಂಗಳು ಮೊದಲು ಹಾಕಿಸಿ. ಅದರ ಬಲ ಗಿಣ್ಣದ ಹಾಲಿನಲ್ಲಿ ಮರಿಗೂ ಹೋಗುತ್ತದೆ.

"ತಿಣುಕುತ್ತಿದೆ, ಮರಿ ಬರುತ್ತಿಲ್ಲ"

ನೆಲ ಕೆರೆಯುವುದು, ಏಳುವುದು, ಕೂರುವುದು ನಾಲ್ಕಾರು ಗಂಟೆ ನಡೆದರೂ ಗಾಬರಿ ಬೇಡ, ಮೊದಲ ಸಲದ ಕುರಿ ತಡ ಮಾಡುತ್ತದೆ. ಗಡಿಯಾರ ನೋಡಬೇಕಾದ್ದು ನೀರಿನ ಚೀಲ ಒಡೆದು ಜೋರಾಗಿ ತಿಣುಕಲು ಶುರುವಾದ ಮೇಲೆ. ಮುಂಗಾಲು ಎರಡು, ಅದರ ಮೇಲೆ ಮೂಗು ಕಂಡರೆ ಸರಿಯಾಗಿದೆ, ದೂರ ನಿಲ್ಲಿ. ಬರೀ ತಲೆ, ಒಂದೇ ಕಾಲು, ಬಾಲ ಕಂಡರೆ, ಅಥವಾ ಅರ್ಧದಿಂದ ಒಂದು ಗಂಟೆ ತಿಣುಕಿದರೂ ಏನೂ ಕಾಣದಿದ್ದರೆ ಡಾಕ್ಟರನ್ನು ಕರೆಯಿರಿ. ಎಳೆಯಬೇಡಿ. ಸತ್ತೆ ಸಾಮಾನ್ಯವಾಗಿ ಕೆಲವು ಗಂಟೆಯಲ್ಲಿ ಬೀಳುತ್ತದೆ. 12 ಗಂಟೆ ದಾಟಿದರೆ ತೋರಿಸಬೇಕು. ನೇತಾಡುತ್ತಿದೆ ಅಂತ ಕಲ್ಲು ಕಟ್ಟುವ ಪದ್ಧತಿಯಿಂದ ಗರ್ಭಕೋಶವೇ ಹೊರಬಂದೀತು.

"ಮರಿಯನ್ನು ಹತ್ತಿರ ಸೇರಿಸುತ್ತಿಲ್ಲ"

ಸಾಕಿದ ಕುರಿಗಳಲ್ಲಿ ಇದು ಜಾಸ್ತಿ, ಕಾರಣವೂ ಹೆಚ್ಚಾಗಿ ನಾವೇ. ಮರಿ ಬಿದ್ದ ಕೂಡಲೇ ಮನೆಮಂದಿಯೆಲ್ಲ ಸೇರಿ ಟವೆಲಿನಲ್ಲಿ ಒರೆಸಿ, ಎತ್ತಿ, ಫೋಟೊ ತೆಗೆಯುತ್ತಾರೆ. ತಾಯಿ ಮರಿಯನ್ನು ಗುರುತಿಸುವುದು ನೆಕ್ಕುತ್ತಾ ಹಿಡಿಯುವ ವಾಸನೆಯಿಂದ, ಅದೂ ಮೊದಲ ಕೆಲವು ಗಂಟೆಗಳಲ್ಲಿ. ಮೂಗು, ಬಾಯಿಯ ಲೋಳೆ ಮಾತ್ರ ತೆಗೆದು, ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿ, ಮರಿಯನ್ನು ತಾಯಿಯ ಮೂತಿಯ ಮುಂದೆ ಇಟ್ಟು ಹೊರಗೆ ಬನ್ನಿ.

ಆದರೂ ದೂಡಿದರೆ ಮೊದಲು ಕೆಚ್ಚಲು ಮುಟ್ಟಿ. ಬಿಸಿಯಾಗಿ ಕಲ್ಲಿನಂತಿದ್ದರೆ ಕೆಚ್ಚಲು ಬಾವು, ನೋವಿಗೆ ಒದೆಯುತ್ತಿದೆ. ಬಾವಿಲ್ಲದಿದ್ದರೆ ಎರಡೂ ಮೊಲೆಯನ್ನು ಒಮ್ಮೆ ಹಿಂಡಿ, ತುದಿಯಲ್ಲಿ ಕೂತ ಮೇಣದಂಥ ಬಿರಡೆ ಹೋಗಿ ಹಾಲು ಚಿಮ್ಮಬೇಕು. ಆಮೇಲೆ ಎರಡನ್ನೂ ಇಕ್ಕಟ್ಟಾದ ಜಾಗದಲ್ಲಿ, ನಾಲ್ಕೈದು ಅಡಿ ಉದ್ದಗಲ ಸಾಕು, ಎರಡು ಮೂರು ದಿನ ಕೂಡಿ ಹಾಕಿ, ತಾಯಿಯನ್ನು ಹಿಡಿದು ಕುಡಿಸಿ. ಮೊದಲ ಎರಡು ಗಂಟೆಯೊಳಗೆ ಗಿಣ್ಣ ಹೊಟ್ಟೆ ಸೇರಲೇಬೇಕು. 3 ಕೆಜಿ ಮರಿಗೆ ಒಂದು ಸಲಕ್ಕೆ 150 ಮಿಲಿ ಲೆಕ್ಕ. ತಾಯಿಗೆ ಹಾಲಿಲ್ಲದಿದ್ದರೆ ಆಡಿನದ್ದೋ ಆಕಳದ್ದೋ ಗಿಣ್ಣ ತಂದು ಕುಡಿಸಿ.

ಬಾಟಲಿಗೆ ಬಂದದ್ದು ಗಂಡುಮರಿಯಾದರೆ ಹಾಲು ಕೊಡಿ, ಆಟ ಆಡಿಸಬೇಡಿ. ಹಣೆ ತಿಕ್ಕುವುದಂತೂ ಬೇಡ, ಡಿಕ್ಕಿ ಕಲಿಯುವುದೇ ಅಲ್ಲಿ. ನಾಲ್ಕು ತಿಂಗಳಾಗುತ್ತಲೇ ತಾಯಿಯಿಂದ ಬೇರೆ ಕಟ್ಟಿ. ಐದಾರು ತಿಂಗಳಿಗೇ ಗಬ್ಬ ನಿಲ್ಲಿಸುವ ಮರಿಗಳಿರುತ್ತವೆ, ಅದಕ್ಕೆ ತಾಯಿ, ತಂಗಿ ಅನ್ನುವ ಭೇದ ಗೊತ್ತಿಲ್ಲ.